ಬೆಟದೂರಿನವರು ಹಿಮದ ಬಗ್ಗೆ ಏಕೆ ಕೇಳಬೇಕು

2016ರ ಫೆಬ್ರುವರಿ 3ರಂದು ಸಿಯಾಚಿನ್ ಹಿಮನದಿಯ ಸೋನಮ್ ಠಾಣೆಯ ಮೇಲೆ ಹಿಮದ ದೊಡ್ಡ ಗೋಡೆಯೊಂದು ಕುಸಿದು ಬಿತ್ತು. ಆಗ ಅಲ್ಲಿದ್ದವರು ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ನಿನ ಹತ್ತು ಮಂದಿ. ನಾಲ್ವರು ತಮಿಳುನಾಡಿನವರು. ಕೇರಳ, ಆಂಧ್ರಪ್ರದೇಶ, ಮಹಾರಾಷ್ಟ್ರದಿಂದ ಒಬ್ಬೊಬ್ಬರು. ಉಳಿದ ಮೂವರು ಕರ್ನಾಟಕದವರು: ಹಾಸನ ಜಿಲ್ಲೆಯ ತೇಜೂರಿನ ಸುಬೇದಾರ್ ನಾಗೇಶ, ಮೈಸೂರು ಜಿಲ್ಲೆ ಎಚ್.ಡಿ. ಕೋಟೆ ತಾಲ್ಲೂಕಿನ ಸಿಪಾಯಿ ಮಹೇಶ, ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಈ ಹತ್ತು ಮಂದಿಯಲ್ಲಿ ಯಾರೊಬ್ಬರ ಊರಿನಲ್ಲೂ ಹಿಮ ಬೀಳುವುದಿಲ್ಲ.

ಕುಂದಗೋಳದ ಸೀಮೆ ಸಮುದ್ರಮಟ್ಟದಿಂದ ಆರೇಳು ನೂರು ಮೀಟರ್ ಎತ್ತರದಲ್ಲಿದೆ. ಸೋನಮ್ ಠಾಣೆಯ ಎತ್ತರ 19,600 ಅಡಿ, ಅಂದರೆ ಆರು ಸಾವಿರ ಮೀಟರಿಗೆ ಹತ್ತಿರ. ಅಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟು. ಸೇನೆ ಹೇಳಿದ ಪ್ರಕಾರ ಆ ದಿನಗಳಲ್ಲಿ ಉಷ್ಣತೆ ಸೊನ್ನೆಗಿಂತ 45 ಡಿಗ್ರಿ ಕೆಳಗಿತ್ತು. ಹೈಸ್ಕೂಲಿಗಾಗಿ ದಿನಾ ಆರು ಕಿಲೋಮೀಟರ್ ನಡೆದು ಅರಳಿಕಟ್ಟಿಗೆ ಹೋಗುತ್ತಿದ್ದ ಹುಡುಗ ಹನುಮಂತಪ್ಪ 2002ರಲ್ಲಿ ಸೈನ್ಯ ಸೇರಿದ್ದ. ಹದಿಮೂರು ವರ್ಷಗಳ ಸೇವೆಯಲ್ಲಿ ಹತ್ತು ವರ್ಷಗಳನ್ನು ಜಮ್ಮು–ಕಾಶ್ಮೀರ, ಈಶಾನ್ಯ ಭಾರತದಂಥ ಕಷ್ಟದ ನೆಲೆಗಳಲ್ಲೇ ಕಳೆದಿದ್ದ. ಕುಸಿತವಾದ ಆರನೆಯ ದಿನ, ಫೆಬ್ರುವರಿ 8ರ ಸಂಜೆ, ಸುಮಾರು 25 ಅಡಿ ಹಿಮದ ಕೆಳಗೆ ಆತ ಜೀವಂತ ಸಿಕ್ಕಿದಾಗ ದೇಶವೇ ಬೆರಗಾಯಿತು. ಹುಡುಕಿದವರು ಕಲ್ಲಿನಂತೆ ಗಟ್ಟಿಯಾದ ನೀಲಿ ಮಂಜುಗಡ್ಡೆಯನ್ನು ಡ್ರಿಲ್ಲಿನಿಂದ, ವಿದ್ಯುತ್ ಗರಗಸದಿಂದ ಕೊಯ್ದು ಕೆಳಗಿಳಿದಿದ್ದರು. ಡಾಟ್ ಮತ್ತು ಮಿಶಾ ಎಂಬ ಎರಡು ನಾಯಿಗಳು ಅವರ ಜೊತೆಗಿದ್ದವು. ಉಳಿದ ಒಂಬತ್ತು ಮಂದಿ ಬದುಕಿರಲಿಲ್ಲ. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಹನುಮಂತಪ್ಪನೂ ತೀರಿಕೊಂಡ. ವಯಸ್ಸು 33.

ಈ ಕತೆಯನ್ನು ಧಾರವಾಡದ ಹಳ್ಳಿಗಳು ಶೌರ್ಯದ ಕತೆಯಾಗಿ ನೆನೆಯುತ್ತವೆ. ಅದು ಸರಿಯೇ. ಆದರೆ ಶೌರ್ಯದ ನೆನಪು ಒಂದು ಪ್ರಶ್ನೆಯನ್ನು ಮರೆಸಬಾರದು. ಯಾವ ಇಳಿಜಾರು ಯಾವಾಗ ಕುಸಿಯುತ್ತದೆ ಎಂಬ ತಿಳಿವಳಿಕೆಯ ಮೇಲೆ ಆ ಎತ್ತರದಲ್ಲಿರುವ ಪ್ರತಿ ಸೈನಿಕನ ಜೀವ ನಿಂತಿದೆ. ಬೆಟ್ಟಗಳು ಬಿಸಿಯಾಗುತ್ತಿರುವ ಈ ಕಾಲದಲ್ಲಿ ಆ ತಿಳಿವಳಿಕೆ ಎಷ್ಟರಮಟ್ಟಿಗೆ ನಂಬಿಕೆಗೆ ಅರ್ಹವಾಗಿ ಉಳಿದಿದೆ?

ಭೂಮಿ ಬಿಸಿಯಾದರೆ ಹಿಮ ಕಡಿಮೆಯಾಗುತ್ತದೆ, ಹಿಮ ಕಡಿಮೆಯಾದರೆ ಹಿಮಕುಸಿತವೂ ಕಡಿಮೆಯಾಗಬೇಕಲ್ಲ ಎಂಬುದು ಮೊದಲಿಗೆ ಹೊಳೆಯುವ ಉತ್ತರ. ಇದರಲ್ಲಿ ಸ್ವಲ್ಪ ಸತ್ಯವಿದೆ. ಯುರೋಪಿನ ಆಲ್ಪ್ಸ್ ಪರ್ವತಗಳ ಕೆಳಗಿನ ಎತ್ತರಗಳಲ್ಲಿ ಹಿಮದ ಹೊದಿಕೆ ತೆಳುವಾಗಿ ಕುಸಿತಗಳೂ ತಗ್ಗಿವೆ. ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿ, ಅಂದರೆ ಐಪಿಸಿಸಿ, 2019ರಲ್ಲಿ ಹೊರತಂದ ವಿಶೇಷ ವರದಿ ಇದನ್ನು ಒಪ್ಪುತ್ತದೆ. ಅದೇ ವರದಿ ಇನ್ನೂ ಎರಡು ಮಾತು ಹೇಳುತ್ತದೆ. ಪರ್ವತಗಳ ಗಾಳಿ ದಶಕಕ್ಕೆ ಸುಮಾರು 0.3 ಡಿಗ್ರಿ ಸೆಲ್ಸಿಯಸ್‌ನಂತೆ ಬಿಸಿಯಾಗುತ್ತಿದೆ; ಒದ್ದೆ ಹಿಮದ ಕುಸಿತಗಳು ಹೆಚ್ಚುತ್ತಿವೆ. ಒದ್ದೆ ಹಿಮ ಎಂಬ ಈ ಮಾತಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಎಲ್ಲ ತೊಡಕೂ ಅಲ್ಲಿಂದಲೇ ಶುರುವಾಗುತ್ತದೆ.

ಬೆಟ್ಟದ ಮೇಲೆ ಕೂತ ಹಿಮ ಒಂದೇ ರಾಶಿಯಲ್ಲ. ಒಂದೊಂದು ಹಿಮಪಾತವೂ ಒಂದೊಂದು ಪದರ. ಪ್ರತಿ ಪದರಕ್ಕೂ ಅದು ಬಿದ್ದ ದಿನದ ಗಾಳಿ, ಉಷ್ಣತೆ, ತೇವಾಂಶಗಳ ಗುರುತಿದೆ. ಹೊಸದಾಗಿ ಬಿದ್ದ ಹಗುರ ಹಿಮ ಘನಮೀಟರಿಗೆ 50ರಿಂದ 100 ಕಿಲೋ ತೂಗಿದರೆ, ಗಾಳಿ ಒತ್ತಿದ ಹಿಮ ಅದರ ಮೂರು ನಾಲ್ಕು ಪಟ್ಟು ತೂಗುತ್ತದೆ. ಕೆಳಗಿನ ಪದರ ದುರ್ಬಲವಾಗಿದ್ದು ಮೇಲಿನದು ಗಟ್ಟಿಯಾಗಿ ಭಾರವಾಗಿದ್ದರೆ, 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಒಬ್ಬ ಮನುಷ್ಯನ ಹೆಜ್ಜೆಭಾರವೇ ಸಾಕಾದೀತು. ದುರ್ಬಲ ಪದರ ಒಂದು ಕಡೆ ಮುರಿದರೆ ಆ ಬಿರುಕು ಕ್ಷಣದಲ್ಲಿ ಇಡೀ ಇಳಿಜಾರಿಗೆ ಹಬ್ಬಿ, ಮೇಲಿನ ಹಾಸು ಪೂರ್ತಿಯಾಗಿ ಜಾರುತ್ತದೆ.

ದುರ್ಬಲ ಪದರ ಹುಟ್ಟುವ ಬಗೆ ವಿಚಿತ್ರವಾಗಿದೆ. ನೆಲದ ಹತ್ತಿರದ ಹಿಮ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಮೇಲಿನ ಗಾಳಿ ಸೊನ್ನೆಗಿಂತ 20 ಡಿಗ್ರಿ ಕೆಳಗಿದೆ ಎನ್ನೋಣ. ನಡುವೆ ಎರಡು ಮೀಟರ್ ಹಿಮವಿದ್ದರೆ ಆ ವ್ಯತ್ಯಾಸ ನಿಧಾನವಾಗಿ ಹಂಚಿಹೋಗುತ್ತದೆ. ಅರ್ಧ ಮೀಟರ್ ಮಾತ್ರ ಇದ್ದರೆ ಅಷ್ಟೂ ವ್ಯತ್ಯಾಸ ಆ ತೆಳು ಹಾಸಿನೊಳಗೇ ತುರುಕಿಕೊಳ್ಳುತ್ತದೆ. ಆಗ ತಳದಿಂದ ಆವಿ ಮೇಲೇರುತ್ತ, ಒಂದಕ್ಕೊಂದು ಅಂಟದ ಒರಟು ಹರಳುಗಳಾಗಿ ಗಟ್ಟಿಗೊಳ್ಳುತ್ತದೆ. ಚಳಿಗಾಲದ ಆರಂಭದಲ್ಲಿ ಹಿಮ ಕಡಿಮೆ ಬಿದ್ದ ವರ್ಷ ಇಂಥ ಸಡಿಲ ತಳ ಸಿದ್ಧವಾಗುವುದು ಹೆಚ್ಚು. ಜನವರಿ, ಫೆಬ್ರುವರಿಯಲ್ಲಿ ಅದರ ಮೇಲೆ ಒಮ್ಮೆಲೇ ಭಾರಿ ಹಿಮ ಸುರಿದರೆ ಇಡೀ ಹಾಸು ಆಧಾರವಿಲ್ಲದೆ ನಿಂತಂತೆ. ಹಿಮ ಕಡಿಮೆಯಾದ ಚಳಿಗಾಲ ಹಿಮ ತುಂಬಿದ ಚಳಿಗಾಲಕ್ಕಿಂತ ಅಪಾಯಕಾರಿಯಾಗಬಲ್ಲದು ಎಂಬ ಮಾತು ಇದರಿಂದಲೇ ಬಂದದ್ದು.

ಉಷ್ಣತೆ ಏರಿದಾಗ ಇನ್ನಷ್ಟು ಬದಲಾವಣೆ. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿದ ಮೇಲ್ಮೈ ನುಣುಪಾದ ಗಟ್ಟಿ ಪದರವಾಗುತ್ತದೆ. ಮುಂದಿನ ಹಿಮ ಅದರ ಮೇಲೆ ಸರಿಯಾಗಿ ಅಂಟಿ ಕೂರುವುದಿಲ್ಲ. ಹಿಮ ಬೀಳಬೇಕಾದ ಎತ್ತರದಲ್ಲಿ ಮಳೆ ಬಿದ್ದರೆ ನೀರು ಪದರಗಳ ನಡುವೆ ಇಳಿದು ಹರಳುಗಳ ಬೆಸುಗೆ ಬಿಡಿಸುತ್ತದೆ, ಭಾರವನ್ನೂ ಹೆಚ್ಚಿಸುತ್ತದೆ. ಇನ್ನೂ ಮೇಲಿನ ಎತ್ತರಗಳಲ್ಲಿ ಫಲ ಬೇರೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಏಳು ಪ್ರತಿಶತ ಹೆಚ್ಚು ತೇವಾಂಶ ಹಿಡಿಯಬಲ್ಲದು. ಉಷ್ಣತೆ ಸೊನ್ನೆಗಿಂತ 40 ಡಿಗ್ರಿ ಕೆಳಗಿದ್ದದ್ದು 38ಕ್ಕೆ ಬಂದರೆ ಅಲ್ಲಿ ಏನೂ ಕರಗುವುದಿಲ್ಲ, ಆದರೆ ಒಂದೇ ಬಿರುಗಾಳಿಯಲ್ಲಿ ಬೀಳುವ ಹಿಮದ ಪ್ರಮಾಣ ಏರಬಹುದು. ಒಂದೇ ಬೆಟ್ಟದ ಬುಡದಲ್ಲಿ ಹಿಮ ಕಡಿಮೆಯಾಗಿ, ನಡುವಿನಲ್ಲಿ ಒದ್ದೆಯಾಗಿ, ತುದಿಯಲ್ಲಿ ಹೊರೆ ಹೆಚ್ಚಾಗುವುದು ಹೀಗೆ. ಒಂದೇ ಸಾಲಿನ ಉತ್ತರಕ್ಕೆ ಇಲ್ಲಿ ಜಾಗವಿಲ್ಲ.

ನವಲಗುಂದ, ಅಣ್ಣಿಗೇರಿಯ ಎರೆ ಹೊಲದ ರೈತರಿಗೆ ಈ ಬಗೆಯ ಲೆಕ್ಕ ಹೊಸದಲ್ಲ. ವರ್ಷದ ಮಳೆಯ ಮೊತ್ತ ಸರಾಸರಿಯಷ್ಟೇ ಇದ್ದರೂ ಹೆಸರು ಬಿಡಿಸುವ ಹೊತ್ತಿಗೆ ಜಡಿಮಳೆ ಹಿಡಿದರೆ ಕಾಳು ಗಿಡದಲ್ಲೇ ಮೊಳಕೆಯೊಡೆಯುತ್ತದೆ. ಕಡಲೆ, ಹಿಂಗಾರಿ ಜೋಳ ಬಿತ್ತುವಾಗ ಹಸ್ತ, ಚಿತ್ತಿ ಮಳೆಗಳು ಕೈಕೊಟ್ಟರೆ ಹದ ಸಿಗುವುದಿಲ್ಲ. ಜಿಲ್ಲೆಗೆ ಇಷ್ಟು ಮಿಲಿಮೀಟರ್ ಮಳೆಯಾಯಿತು ಎಂಬ ಅಂಕಿ ಆ ಹೊಲದ ನಷ್ಟವನ್ನು ಹೇಳದು. ಹಿಮದ ವಿಷಯದಲ್ಲೂ ಒಟ್ಟು ಎಷ್ಟು ಬಿತ್ತು ಎನ್ನುವುದಕ್ಕಿಂತ ಯಾವಾಗ, ಯಾವುದರ ಮೇಲೆ, ಎಷ್ಟು ತೇವದೊಂದಿಗೆ ಬಿತ್ತು ಎನ್ನುವುದೇ ಮುಖ್ಯ.

ಹಿಮಾಲಯದಲ್ಲಿ ಇದಕ್ಕೆ ಗಟ್ಟಿ ಸಾಕ್ಷ್ಯವೊಂದಿದೆ, ಮತ್ತು ಅದು ಸಿಕ್ಕಿದ್ದು ಮರಗಳಿಂದ. ಹಿಮಕುಸಿತದ ಹೊಡೆತಕ್ಕೆ ಸಿಕ್ಕರೂ ಸಾಯದ ಮರ ತನ್ನ ಗಾಯವನ್ನು ಆ ವರ್ಷದ ಉಂಗುರದಲ್ಲಿ ಉಳಿಸಿಕೊಳ್ಳುತ್ತದೆ. ಹಿಮಾಚಲ ಪ್ರದೇಶದ ಇಳಿಜಾರುಗಳ ಇಂಥ ಮರಗಳನ್ನು ಓದಿ, ಸುಮಾರು ಒಂದೂವರೆ ಶತಮಾನದ ಕುಸಿತಗಳ ಇತಿಹಾಸವನ್ನು ಮರುಕಟ್ಟಿದ ಅಧ್ಯಯನವೊಂದು 2018ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಿಂದ ಅಲ್ಲಿ ಕುಸಿತಗಳು ಹೆಚ್ಚು ಬಾರಿ, ಹೆಚ್ಚು ದೊಡ್ಡದಾಗಿ ಆಗುತ್ತಿವೆ; ಚಳಿಗಾಲ ಮತ್ತು ವಸಂತದ ಆರಂಭ ಬೆಚ್ಚಗಾದದ್ದು ಇದಕ್ಕೆ ಕಾರಣ ಎಂದು ಸಂಶೋಧಕರು ಕಂಡುಕೊಂಡರು. ಅದಕ್ಕೂ ಮೊದಲೇ, 2007ರಲ್ಲಿ, ಭಾರತೀಯ ವಿಜ್ಞಾನಿಗಳು ವಾಯವ್ಯ ಹಿಮಾಲಯದ ಶತಮಾನದ ಉಷ್ಣತೆಯ ದಾಖಲೆಗಳನ್ನು ಪರಿಶೀಲಿಸಿ ಸುಮಾರು 1.6 ಡಿಗ್ರಿ ಏರಿಕೆಯನ್ನು ಗುರುತಿಸಿದ್ದರು. ಅವರು ಕಂಡಂತೆ ಬೇರೆ ಋತುಗಳಿಗಿಂತ ಚಳಿಗಾಲವೇ ವೇಗವಾಗಿ ಬೆಚ್ಚಗಾಗುತ್ತಿತ್ತು.

ಹಾಗಾದರೆ ಸೋನಮ್ ದುರಂತಕ್ಕೆ ಹವಾಮಾನ ಬದಲಾವಣೆಯೇ ಕಾರಣ ಎನ್ನಬಹುದೇ? ಎನ್ನಲಾಗದು. ಪರಿಸರದ ಮೇಲಿನ ಕಾಳಜಿಯಿಂದಲೇ ಬರೆಯುವವರು ಇಲ್ಲಿ ಆತುರಪಡುತ್ತಾರೆ, ಅದರಿಂದ ವಾದ ದುರ್ಬಲವಾಗುತ್ತದೆ. ಸಿಯಾಚಿನ್ ಇರುವುದು ಕಾರಾಕೋರಂ ಶ್ರೇಣಿಯಲ್ಲಿ. ಹಿಮಾಲಯದ ಉಳಿದ ಹಿಮನದಿಗಳು ವೇಗವಾಗಿ ಕರಗುತ್ತಿದ್ದರೂ ಕಾರಾಕೋರಂನ ಅನೇಕ ಹಿಮನದಿಗಳು ಬಹುಕಾಲ ಹೆಚ್ಚು ಕಡಿಮೆ ಸ್ಥಿರವಾಗಿದ್ದವು. ವಿಜ್ಞಾನಿಗಳಿಗೆ ಅದೊಂದು ದೊಡ್ಡ ಒಗಟು. ಸೊನ್ನೆಗಿಂತ 45 ಡಿಗ್ರಿ ಕೆಳಗಿನ ಚಳಿಯಲ್ಲಿ ಬಿದ್ದ ಒಂದು ಹಿಮಗೋಡೆಯನ್ನು ಹಿಡಿದು ಜಗತ್ತಿನ ಬಿಸಿಯ ಮೇಲೆ ದೂರು ಹೊರಿಸಲು ಸಾಕ್ಷ್ಯವಿಲ್ಲ. ಕಡಿದಾದ ಹಿಮಗೋಡೆಗಳು ತಮ್ಮ ಭಾರಕ್ಕೇ ಒಡೆದು ಬೀಳುವುದು ಮನುಷ್ಯ ಅಲ್ಲಿ ಕಾಲಿಡುವ ಮೊದಲೂ ಇತ್ತು.

ಆದರೂ ಸೋನಮ್ ಕಲಿಸುವುದು ಸಾಕಷ್ಟಿದೆ. 1984ರ ಏಪ್ರಿಲ್ 13ರಂದು ಸಿಯಾಚಿನ್‌ನಲ್ಲಿ ಭಾರತೀಯ ಸೇನೆಯ ಆಪರೇಷನ್ ಮೇಘದೂತ ಆರಂಭವಾದ ಮೇಲೆ ಭಾರತ, ಪಾಕಿಸ್ತಾನ ಎರಡೂ ದೇಶಗಳ ಸೈನಿಕರು ಆ ಎತ್ತರಗಳಲ್ಲಿ ವರ್ಷವಿಡೀ ವಾಸವಿದ್ದಾರೆ. 2015ರ ಕೊನೆಯ ಹೊತ್ತಿಗೆ ಭಾರತದ 869 ಸೈನಿಕರು ಅಲ್ಲಿ ಪ್ರಾಣ ಕಳೆದುಕೊಂಡಿದ್ದರು. ಗುಂಡಿಗಿಂತ ಹೆಚ್ಚು ಜನರನ್ನು ಕೊಂದದ್ದು ಚಳಿ, ಎತ್ತರ ಮತ್ತು ಹಿಮ. 2003ರ ನವೆಂಬರಿನಿಂದ ಅಲ್ಲಿ ಕದನವಿರಾಮವಿದೆ, ಹಿಮಕ್ಕೆ ಅದು ಗೊತ್ತಿಲ್ಲ. 2012ರ ಏಪ್ರಿಲ್ 7ರಂದು ಗಯಾರಿಯಲ್ಲಿ ಪಾಕಿಸ್ತಾನದ ಬೆಟಾಲಿಯನ್ ಕೇಂದ್ರವೊಂದು ಕುಸಿತದಡಿ ಹೂತುಹೋಗಿ 140 ಜನ ಸತ್ತರು. ಸೋನಮ್ ಘಟನೆಗೆ ಒಂದು ತಿಂಗಳು ಮೊದಲು, 2016ರ ಜನವರಿಯಲ್ಲಿ, ಲಡಾಖ್ ಸ್ಕೌಟ್ಸ್‌ನ ನಾಲ್ವರು ಸತ್ತಿದ್ದರು. 2019ರ ನವೆಂಬರ್ 18ರಂದು ನಾಲ್ವರು ಸೈನಿಕರು, ಇಬ್ಬರು ಕೂಲಿಯಾಳುಗಳು. 2025ರಲ್ಲಿ ಮೂವರು ಸೈನಿಕರು ಬಲಿಯಾದದ್ದು ಸೆಪ್ಟೆಂಬರ್ ತಿಂಗಳಲ್ಲಿ, ಚಳಿಗಾಲ ಇನ್ನೂ ಶುರುವಾಗದ ಹೊತ್ತಿನಲ್ಲಿ.

ಹಿಮದಡಿ ಸಿಕ್ಕವರಿಗೆ ಇರುವ ಸಮಯ ಬಹಳ ಕಡಿಮೆ. ಆಲ್ಪ್ಸ್‌ನ ದಾಖಲೆಗಳ ಪ್ರಕಾರ ಮೊದಲ 15 ನಿಮಿಷದೊಳಗೆ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ. 35 ನಿಮಿಷವಾದರೆ ಮೂವರು. ಹನುಮಂತಪ್ಪ ಆರು ದಿನ ಉಳಿದದ್ದು ಸುತ್ತ ಗಾಳಿಯ ಸಣ್ಣ ಅವಕಾಶವೊಂದು ಸಿಕ್ಕಿದ್ದರಿಂದ. ಅದು ಅಪರೂಪದಲ್ಲಿ ಅಪರೂಪ. ರಕ್ಷಣಾ ಪಡೆ ಎಷ್ಟೇ ಧೀರವಾಗಿರಲಿ, ಅಂಥ ಎತ್ತರಕ್ಕೆ 35 ನಿಮಿಷದಲ್ಲಿ ತಲುಪುವುದು ಅಸಾಧ್ಯ. ಆದ್ದರಿಂದ ಜೀವ ಉಳಿಸುವ ಕೆಲಸ ಕುಸಿತಕ್ಕೆ ಮೊದಲೇ ಆಗಬೇಕು: ಠಾಣೆಯನ್ನು ಎಲ್ಲಿ ಹಾಕಬೇಕು, ಯಾವ ದಾರಿಯಲ್ಲಿ ಯಾವ ಹೊತ್ತಿನಲ್ಲಿ ನಡೆಯಬೇಕು, ಯಾವ ದಿನ ಯಾರೂ ಕದಲಬಾರದು ಎಂಬ ತೀರ್ಮಾನಗಳಲ್ಲಿ.

ಈ ತೀರ್ಮಾನಗಳೆಲ್ಲ ಅನುಭವದ ಮೇಲೆ ನಿಂತಿವೆ. ಈ ಇಳಿಜಾರು ಮೂವತ್ತು ವರ್ಷದಿಂದ ಕುಸಿದಿಲ್ಲ, ಈ ತಿಂಗಳಲ್ಲಿ ದಾರಿ ತೆರೆದಿರುತ್ತದೆ, ನಸುಕಿನಲ್ಲಿ ಹಿಮ ಗಟ್ಟಿಯಿರುತ್ತದೆ ಎಂಬಂಥ ತಿಳಿವಳಿಕೆ ಅಮೂಲ್ಯ. ಬೆಚ್ಚಗಾಗುವ ಬೆಟ್ಟ ಮೊದಲು ಕೆಡಿಸುವುದು ಇದನ್ನೇ. ಅಪಾಯ ಎಲ್ಲ ಕಡೆಯೂ ಹೆಚ್ಚಿತು ಎನ್ನಲಾಗದು. ಅದು ತನ್ನ ಜಾಗ ಮತ್ತು ತಿಂಗಳು ಬದಲಿಸುತ್ತಿದೆ. ನಿನ್ನೆಯ ನಕ್ಷೆಯನ್ನು ನಂಬಿ ನಡೆದವನು ಇಂದು ಅಪಾಯದಲ್ಲಿದ್ದಾನೆ.

2025ರ ಫೆಬ್ರುವರಿ 28ರಂದು ಉತ್ತರಾಖಂಡದ ಮಾಣಾ ಬಳಿ ಗಡಿ ರಸ್ತೆ ಸಂಸ್ಥೆಯ ಕಾರ್ಮಿಕರ ಶಿಬಿರದ ಮೇಲೆ ಹಿಮ ಕುಸಿಯಿತು. 54 ಮಂದಿಯಲ್ಲಿ 46 ಮಂದಿ ಬದುಕಿದರು, ಎಂಟು ಮಂದಿ ಸತ್ತರು. ಆ ಚಳಿಗಾಲದ ಮೊದಲ ಭಾಗ ಒಣಗಿತ್ತು, ಭಾರಿ ಹಿಮ ಬಂದದ್ದು ಫೆಬ್ರುವರಿಯ ಕೊನೆಗೆ. ಹಿಂದೂಕುಷ್–ಹಿಮಾಲಯ ವಲಯದಲ್ಲಿ ಆ ವರ್ಷ ನೆಲದ ಮೇಲೆ ಹಿಮ ಉಳಿದ ಅವಧಿ ಸಾಮಾನ್ಯಕ್ಕಿಂತ 23.6 ಪ್ರತಿಶತ ಕಡಿಮೆ, 23 ವರ್ಷಗಳಲ್ಲೇ ಕನಿಷ್ಠ ಎಂದು ಕಠ್ಮಂಡುವಿನ ಐಸಿಮೋಡ್ ಸಂಸ್ಥೆ ವರದಿ ಮಾಡಿತು. ಹಿಮ ಇಷ್ಟು ಕಡಿಮೆಯಾದ ವರ್ಷದಲ್ಲೇ ಆ ಎಂಟು ಕಾರ್ಮಿಕರು ಹಿಮದಡಿ ಸತ್ತರು. ಹಿಮ ಕಡಿಮೆಯಾದರೆ ಕುಸಿತವೂ ಕಡಿಮೆ ಎಂಬ ಮೊದಲ ಉತ್ತರದ ದೋಷ ಕಾಣಲು ಇಷ್ಟು ಸಾಕು.

ಸೈನಿಕರು, ಕಾರ್ಮಿಕರಷ್ಟೇ ಅಲ್ಲ, ಈಗ ಕರ್ನಾಟಕದ ಯುವಕ ಯುವತಿಯರು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಚಾರಣಕ್ಕೆ ಹಿಮಾಲಯ ಹತ್ತುತ್ತಾರೆ. 2022ರ ಅಕ್ಟೋಬರ್ 4ರಂದು ದ್ರೌಪದಿ ಕಾ ದಂಡಾ ಶಿಖರದಲ್ಲಿ ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯ ತಂಡ ಕುಸಿತಕ್ಕೆ ಸಿಕ್ಕಿ 29 ಮಂದಿಯನ್ನು ಕಳೆದುಕೊಂಡಾಗ ಅವರಲ್ಲಿ ಕನ್ನಡಿಗರೂ ಇದ್ದರು. 2024ರ ಜೂನ್‌ನಲ್ಲಿ ಸಹಸ್ರತಾಲದ ದಾರಿಯಲ್ಲಿ ಹಿಮಗಾಳಿಗೆ ಸಿಕ್ಕಿ ಕರ್ನಾಟಕದ ತಂಡದ ಒಂಬತ್ತು ಮಂದಿ ಸತ್ತರು. ಅದು ಹಿಮಕುಸಿತವಲ್ಲ, ಬೇರೆಯದೇ ಅಪಾಯ. ಆದರೆ ಬೇಸಿಗೆಯೆಂದರೆ ಸುರಕ್ಷಿತ ಎಂಬ ನಂಬಿಕೆ ಅಲ್ಲಿಯೂ ಕೈಕೊಟ್ಟಿತ್ತು.

ಮುನ್ಸೂಚನೆಯಿಂದ ಏನು ಸಾಧ್ಯ ಎನ್ನುವುದಕ್ಕೆ ಯುರೋಪಿನ ಎರಡು ಘಟನೆಗಳನ್ನು ಎದುರುಬದುರು ಇಟ್ಟು ನೋಡಬೇಕು. 2022ರ ಜುಲೈ 3ರಂದು ಇಟಲಿಯ ಮಾರ್ಮೊಲಾಡಾ ಹಿಮನದಿಯ ಒಂದು ತುಂಡು ಕಳಚಿ ಬಿದ್ದು 11 ಮಂದಿ ಸತ್ತರು. ಹಿಂದಿನ ದಿನ ಶಿಖರದಲ್ಲಿ ಉಷ್ಣತೆ ಹತ್ತು ಡಿಗ್ರಿ ತಲುಪಿತ್ತು, ಆದರೂ ದಾರಿ ತೆರೆದೇ ಇತ್ತು. 2025ರ ಮೇ 28ರಂದು ಸ್ವಿಟ್ಜರ್ಲೆಂಡಿನ ಬ್ಲಾಟೆನ್ ಎಂಬ ಹಳ್ಳಿಯ ಬಹುಭಾಗ ಬಂಡೆ ಮತ್ತು ಹಿಮದ ಪ್ರವಾಹದಡಿ ಮುಚ್ಚಿಹೋಯಿತು. ಬೆಟ್ಟದ ಚಲನೆಯನ್ನು ಅಳೆಯುತ್ತಿದ್ದ ತಜ್ಞರ ಮಾತಿನಂತೆ ಅಲ್ಲಿನ ಸುಮಾರು 300 ಜನರನ್ನು ಒಂಬತ್ತು ದಿನ ಮೊದಲೇ ಸ್ಥಳಾಂತರಿಸಿದ್ದರು. ಊರು ಹೋಯಿತು, ಬಲಿಯಾದದ್ದು ಒಂದು ಜೀವ. ಬೆಟ್ಟ ಬೀಳುವುದನ್ನು ಯಾರೂ ತಡೆಯಲಿಲ್ಲ. ಅಳೆದಿದ್ದರಿಂದ ಮತ್ತು ಅಳತೆಯನ್ನು ನಂಬಿ ಸಮಯಕ್ಕೆ ತೀರ್ಮಾನ ತೆಗೆದುಕೊಂಡಿದ್ದರಿಂದ ಜನ ಉಳಿದರು.

ಭಾರತದಲ್ಲಿ ಈ ಕೆಲಸಕ್ಕೆ ಸಂಸ್ಥೆಯಿಲ್ಲ ಎನ್ನುವಂತಿಲ್ಲ. 1969ರಲ್ಲಿ ಹುಟ್ಟಿದ ಹಿಮ ಮತ್ತು ಹಿಮಕುಸಿತ ಅಧ್ಯಯನ ಸಂಸ್ಥೆ ಮನಾಲಿಯಿಂದ, ಚಂಡೀಗಢದಿಂದ ದಶಕಗಳ ಕಾಲ ಮುನ್ಸೂಚನೆ ಕೊಟ್ಟಿತು. 2020ರಲ್ಲಿ ಅದು ಡಿಆರ್‌ಡಿಒ ಅಡಿಯ ರಕ್ಷಣಾ ಭೂಮಾಹಿತಿ ಸಂಶೋಧನಾ ಸಂಸ್ಥೆಯೊಳಗೆ ಸೇರಿತು. ಅಲ್ಲಿನ ವಿಜ್ಞಾನಿಗಳ ಎಚ್ಚರಿಕೆಗಳು ಎಷ್ಟೋ ಸೈನಿಕ ತಂಡಗಳನ್ನು ಶಿಬಿರದಲ್ಲೇ ನಿಲ್ಲಿಸಿ ಉಳಿಸಿವೆ. ಆದರೆ ಹಿಮಾಲಯದ ವಿಸ್ತಾರಕ್ಕೆ ಹೋಲಿಸಿದರೆ ಐದು ಸಾವಿರ ಮೀಟರಿಗಿಂತ ಮೇಲೆ ನಿಂತು ಅಳೆಯುವ ಕೇಂದ್ರಗಳು ವಿರಳ. ಎಚ್ಚರಿಕೆ ಕೊಡಲು ಅಳತೆ ಬೇಕು, ಎಚ್ಚರಿಕೆ ಬಂದಾಗ ಸೈನಿಕನ ಮೈಮೇಲೆ ಸರಿಯಾದ ಉಡುಪು ಬೇಕು. 2020ರ ಫೆಬ್ರುವರಿಯಲ್ಲಿ ಸಂಸತ್ತಿನ ಮುಂದೆ ಬಂದ ಸಿಎಜಿ ವರದಿ ಎತ್ತರದ ನೆಲೆಗಳ ಸೈನಿಕರಿಗೆ ಹಿಮದ ಕನ್ನಡಕ, ಬೂಟುಗಳೇ ಕೊರತೆಯಾದದ್ದನ್ನು ದಾಖಲಿಸಿತು. ಹುತಾತ್ಮರಿಗೆ ಹೂಮಾಲೆ ಹಾಕುವ ದೇಶಕ್ಕೆ ಅದು ಒಪ್ಪುವ ಸಂಗತಿಯಲ್ಲ.

ಇನ್ನೊಂದು ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಸೋನಮ್ ಕುಸಿತದ ಮರುದಿನ ಪಾಕಿಸ್ತಾನದ ಸೇನೆ ಹುಡುಕಾಟಕ್ಕೆ ನೆರವು ನೀಡುವುದಾಗಿ ಹೇಳಿತ್ತು. ತನ್ನ ತಂಡಗಳೇ ಕೆಲಸದಲ್ಲಿವೆ ಎಂದು ಭಾರತ ಬೇಡವೆಂದಿತು. ಆ ತೀರ್ಮಾನಕ್ಕೆ ಸೈನಿಕ ಕಾರಣಗಳು ಇದ್ದಿರಬಹುದು. ಠಾಣೆಗಳನ್ನು ಇಬ್ಬರೂ ಹಿಂತೆಗೆಯಬೇಕೇ ಎಂಬುದು ದೊಡ್ಡ ರಾಜಕೀಯ ಪ್ರಶ್ನೆ, ಅದು ಬೇಗ ಬಗೆಹರಿಯುವ ಲಕ್ಷಣವಿಲ್ಲ. ಆದರೆ ಹಿಮದ ಆಳ, ಗಾಳಿಯ ವೇಗ, ಉಷ್ಣತೆಯ ಅಂಕಿಗಳನ್ನು ಹಂಚಿಕೊಳ್ಳಲು ಒಂದಿಂಚು ನೆಲವನ್ನೂ ಬಿಟ್ಟುಕೊಡಬೇಕಿಲ್ಲ. ಗಯಾರಿಯ 140 ಜನ, ಸೋನಮ್‌ನ ಹತ್ತು ಜನ ಒಂದೇ ಪರ್ವತಶ್ರೇಣಿಯ ಹಿಮಕ್ಕೆ ಬಲಿಯಾದವರು. ಆ ಶ್ರೇಣಿಯ ಹವಾಮಾನಕ್ಕೆ ನಿಯಂತ್ರಣ ರೇಖೆಯಿಲ್ಲ.

ಧಾರವಾಡ ಜಿಲ್ಲೆಯ ಹೊಲಗಳಿಗೆ ಹಿಮದ ನೀರು ಬರುವುದಿಲ್ಲ. ಮಲಪ್ರಭೆ ಹುಟ್ಟುವುದು ಪಶ್ಚಿಮಘಟ್ಟದ ಕಣಕುಂಬಿಯಲ್ಲಿ, ಬೆಣ್ಣೆಹಳ್ಳ ತುಂಬುವುದು ಮಳೆಗೆ. ನವಲಗುಂದದ ಜನ ನೀರಿಗಾಗಿ ಬೀದಿಗಿಳಿದು ಹೋರಾಡಿದ ಇತಿಹಾಸ ಎಲ್ಲರಿಗೂ ಗೊತ್ತು. ಹಿಮದ ಬಗ್ಗೆ ಇಲ್ಲಿ ಯಾರೂ ಧ್ವನಿ ಎತ್ತದಿರುವುದು ಸಹಜವೆನಿಸುತ್ತದೆ. ಆದರೆ ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ಮನೆಗಳಿಂದ ಮಕ್ಕಳು ಸೈನ್ಯಕ್ಕೆ ಹೋಗುತ್ತಲೇ ಇದ್ದಾರೆ, ನಾಳೆಯೂ ಹೋಗುತ್ತಾರೆ. ಮಕ್ಕಳನ್ನು ಹಿಮಕ್ಕೆ ಕಳುಹಿಸುವ ಊರಿಗೆ ಹಿಮದ ಬಗ್ಗೆ ಕೇಳುವ ಹಕ್ಕಿದೆ. ಸಿಯಾಚಿನ್ ವಲಯದಲ್ಲಿ ಸ್ವಯಂಚಾಲಿತ ಹವಾಮಾನ ಕೇಂದ್ರಗಳು ಎಷ್ಟು ಕೆಲಸ ಮಾಡುತ್ತಿವೆ? ಕಳೆದ ಹತ್ತು ವರ್ಷಗಳ ಉಷ್ಣತೆಯನ್ನು ಲೆಕ್ಕಕ್ಕೆ ತೆಗೆದುಕೊಂಡು ಎಷ್ಟು ಠಾಣೆಗಳ ಜಾಗವನ್ನು ಮರುಪರಿಶೀಲಿಸಲಾಗಿದೆ? ಮುನ್ಸೂಚನೆ ಬಂದಾಗ ಠಾಣೆ ತೆರವು ಮಾಡುವ ಅಧಿಕಾರ ಅಲ್ಲಿನ ಅಧಿಕಾರಿಗೆ ಇದೆಯೇ? ಗಡಿ ರಸ್ತೆಯ ಕೂಲಿಕಾರರಿಗೂ ಚಾರಣಿಗರಿಗೂ ಅದೇ ಮುನ್ಸೂಚನೆ ಅವರವರ ಭಾಷೆಯಲ್ಲಿ ತಲುಪುತ್ತದೆಯೇ? ಸೇನೆಯ ಗುಟ್ಟಿಗೆ ಧಕ್ಕೆಯಾಗದಂತೆ ಉತ್ತರಿಸಬಹುದಾದ ಪ್ರಶ್ನೆಗಳಿವು. ಲೋಕಸಭೆಯಲ್ಲಿ ಇವನ್ನು ಧಾರವಾಡದ ಪ್ರತಿನಿಧಿಯೇ ಮೊದಲು ಎತ್ತಬೇಕು, ಎತ್ತುವಂತೆ ಬೆಟದೂರಿನ ಮತದಾರರು ಒತ್ತಾಯಿಸಬೇಕು.